ಮಾವನ ಕಾಲದ ಫಿಯಟ್‌ಗೆ ಹೊಸ ಪೇಂಟ್ ಹೊಡೆಸುದಾ, ಇದ್ದದ್ದನ್ನೇ ಉಳಿಸುದಾ?

ಪ್ರಶ್ನೆ (ಮುಲುಂಡ್, ಮುಂಬೈ)
ಎಲ್ಲರಿಗೂ ನಮಸ್ಕಾರ, ಈ ಗುಂಪಲ್ಲಿ ಹಳೇ ಗಾಡಿ ಟಿಂಕರಿಂಗ್ ಪೇಂಟಿಂಗ್ ಮಾಡುವವರು ಪುಣೆಯಲ್ಲಿ ಇದ್ದಾರೆ ಅಂತ ಗೊತ್ತು, ಅವ್ರಿಗೇ ಕೇಳುದು. ನಮ್ಮ ಮಾವನದ್ದು 1970ರ ಫಿಯಟ್ 1100 ಡಿಲೈಟ್ ಉಂಟು, ಕುರ್ಲಾದ ಪ್ರೀಮಿಯರ್ ಫ್ಯಾಕ್ಟರಿಯದ್ದು, ಕ್ರೀಮ್ ಕಲರ್. ಇಂಜಿನ್ ಸ್ಟಾರ್ಟ್ ಆಗ್ತದೆ. ಪೇಂಟ್ ಮಾತ್ರ ಬಾನೆಟ್ ಮೇಲೆ ಸುಣ್ಣದ ಹಾಗೆ ಬಿಳಿಚಿದೆ, ಕೈ ಇಟ್ರೆ ಪುಡಿ ಹತ್ತುತ್ತದೆ, ಡ್ರೈವರ್ ಬಾಗಿಲಲ್ಲಿ ಮಾವ ಮೊಣಕೈ ಇಡ್ತಿದ್ದ ಜಾಗದಲ್ಲಿ ಬಣ್ಣ ಸವೆದು ಪ್ರೈಮರ್ ಕಾಣ್ತದೆ. ಇಲ್ಲಿ ಒಂದು ಗ್ಯಾರೇಜಿನವರು ಪೂರಾ ಕೆರೆದು ಪಿಯು (ಪಾಲಿಯುರೆಥೇನ್) ಪೇಂಟ್ ಹೊಡೆದು ಶೋರೂಮ್ ಕಂಡಿಷನ್ ಮಾಡಿ ಕೊಡ್ತೇವೆ ಅಂತಾರೆ. ಮೈದುನನಿಗೂ ಅದೇ ಬೇಕು, ಡಿಸೆಂಬರಲ್ಲಿ ಅವನ ಮಗಳ ಮದುವೆ. ನಂಗೆ ಮನಸ್ಸಿಲ್ಲ, ಆದ್ರೆ ಹಾಗೇ ಬಿಟ್ಟು ತುಕ್ಕು ತಿಂದ್ರೆ ಅಂತ ಹೆದ್ರಿಕೆ. ಎಂತ ಮಾಡುದು?

ಉತ್ತರ (ಭೋಸರಿ, ಪುಣೆ)
ಅಕ್ಕಾರ, ಪೇಂಟ್ ಹೊಡ್ಯೋದ ನನ್ನ ಹೊಟ್ಟಿಪಾಡು, ಆದ್ರೂ ಹೇಳ್ತೀನಿ, ಸದ್ಯಕ್ಕ ಕೆರಸಾಕ ಹೋಗಬ್ಯಾಡ್ರಿ. ಮೊದ್ಲ ಅದು ಫ್ಯಾಕ್ಟರಿ ಪೇಂಟ ಹೌದೋ ಅಲ್ಲೋ ನೋಡ್ಕೋರಿ. ಡಿಕ್ಕಿ ಒಳಗ, ಬಾಗಿಲಿನ ರಬ್ಬರ್ ಕೆಳಗ ಇರೋ ಬಣ್ಣ ಹೊರಗಿಂದಕ್ಕ ಕೂಡ್ತೈತೇನು, ರಬ್ಬರ್ ಅಂಚಿಗೆ ಪೇಂಟ್ ಹತ್ತಿದ್ರ ಯಾರೋ ಆಮ್ಯಾಲ ಹೊಡದಾರ ಅಂತ ತಿಳ್ಕೋರಿ. ಸಣ್ಣ ಅಯಸ್ಕಾಂತಕ್ಕ ತೆಳು ಬಟ್ಟಿ ಸುತ್ತಿ ಬಾಡಿ ಮ್ಯಾಲ ಆಡಸ್ರಿ, ಎಲ್ಲಿ ಹಿಡ್ಯಂಗಿಲ್ಲೋ ಅಲ್ಲಿ ಒಳಗ ದಪ್ಪ ಪುಟ್ಟಿ ಐತಿ. ಆಮ್ಯಾಲ ಕಾಣದ ಮೂಲ್ಯಾಗ ಹತ್ತಿಗೆ ಥಿನ್ನರ್ ಹಚ್ಚಿ ಉಜ್ರಿ, ಬಣ್ಣ ಕರಗಿ ಹತ್ತಿಗೆ ಬಂದ್ರ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ (ಹಳೇ ಮಿಸ್ತ್ರಿಗಳು ಡ್ಯೂಕೋ ಅಂತಿದ್ರಲ್ಲ, ಅದು), ಮೆತ್ತಗಾಗಿ ಸುಕ್ಕು ಬಿದ್ರ ಎನಾಮಲ್, ಏನೂ ಆಗ್ಲಿಲ್ಲಂದ್ರ ಇತ್ತೀಚಿನ ಟೂಕೆ ಪೇಂಟ್ (ಹಾರ್ಡ್‌ನರ್ ಕಲಸಿ ಹೊಡ್ಯೋದು, ಪಿಯು ಅದ ಜಾತಿದು).

ಫ್ಯಾಕ್ಟರಿದ ಇದ್ರ ಆ ಪುಡಿಗೆ ಹೆದರಬ್ಯಾಡ್ರಿ. ಆಗಿನ ಬಣ್ಣದ ಮ್ಯಾಲ ಕ್ಲಿಯರ್ ಕೋಟ್ (ಬಣ್ಣ ಕಾಯೋ ಪಾರದರ್ಶಕ ಪದರ) ಇರ್ತಿರ್ಲಿಲ್ಲ, ಬಿಸಿಲು ನೇರ ಬಣ್ಣಕ್ಕ ಬಡೀತಿತ್ತು, ಮ್ಯಾಲಿನ ತೆಳು ಪದರ ಅಷ್ಟ ಸತ್ತಿರ್ತೈತಿ, ಕೆಳಗ ಇನ್ನೂ ಜೀವ ಇರ್ತೈತಿ. ಶಾಂಪೂ ನೀರಿಲೆ ಕೈಯಾಗ ತೊಳೀರಿ, ಪ್ರೆಶರ್ ವಾಷ್ ಬ್ಯಾಡ, ಎದ್ದಿರೋ ಪೇಂಟ್ ಹಾರಿ ಹೋಗ್ತೈತಿ. ಒಣಗಿದ ಮ್ಯಾಲ ಎಣ್ಣಿ ಅಂಶ ಇರೋ ಗ್ಲೇಜ್ (ಹೊಳಪು ತರೋ ಲೇಪ) ದಪ್ಪಗ ಹಚ್ಚಿ ರಾತ್ರಿಯೆಲ್ಲಾ ಬಿಟ್ಟು ಮುಂಜಾನೆ ಕಾಟನ್ ಬಟ್ಟಿಲೆ ತಗೀರಿ, ಒಂದೆರಡು ಸಲ ಹಂಗ ಮಾಡಿದ್ರ ಕ್ರೀಮ್ ಬಣ್ಣ ತಿರುಗಿ ಮ್ಯಾಲ ಬರ್ತೈತಿ. ಆಮ್ಯಾಲ ಬಾಳ ನುಣ್ಣನ್ನ ಪಾಲಿಶ್, ಅದೂ ಕೈಯಾಗ. ಮಶಿನ್ ಬಫಿಂಗ್ ಮಾಡೋ ಹುಡುಗರ ಕೈಗೆ ಮಾತ್ರ ಕೊಡಬ್ಯಾಡ್ರಿ, ಬಾಡಿ ಲೈನಿನ ಅಂಚಿನಾಗ ಪೇಂಟ್ ಮೊದ್ಲ ತೆಳು ಇರ್ತೈತಿ, ಕಣ್ಣ ಮುಚ್ಚಿ ತಗಿಯೋದ್ರಾಗ ಪ್ರೈಮರ್ ಕಾಣ್ತೈತಿ. ಕಡೀಕ ವ್ಯಾಕ್ಸ್, ಆದ್ರ ಸಿಲಿಕಾನ್ ಇಲ್ಲದ್ದು, ಯಾಕಂದ್ರ ಮುಂದ ಯಾವತ್ತರ ಪೇಂಟ್ ಹೊಡ್ಯೋ ಪ್ರಸಂಗ ಬಂದ್ರ ಸಿಲಿಕಾನ್ ಇದ್ದಲ್ಲಿ ಹೊಸ ಪೇಂಟ್ ಗುಳಿಗುಳಿ ಆಗಿ ಬಿಡ್ತೈತಿ. ಮೊಣಕೈ ಜಾಗಕ್ಕ ಬರೇ ವ್ಯಾಕ್ಸ್ ಸಾಕು, ಬಣ್ಣ ತುಂಬಬ್ಯಾಡ್ರಿ, ಮಾವನವರ ಕೈ ಸವೆಸಿದ್ದನ್ನ ನಾನೆಂಥಾ ಪೇಂಟರ್ ಆದ್ರೂ ಮತ್ತ ಮಾಡಾಕ ಆಗಂಗಿಲ್ಲ.

ಪ್ರತಿಕ್ರಿಯೆ (ಮಾಟುಂಗಾ)
ನಾನು ಒಪ್ಪೋದಿಲ್ಲ ಸರ್. ಶೋ, ರ‍್ಯಾಲಿಗೆ ಹೋಗಿ ನೋಡಿ, ಜನ ಸೇರೋದೇ ಫಳಫಳ ಹೊಳಿಯೋ ಗಾಡಿ ಹತ್ರ. ಸವೆದ ಗಾಡಿ ತಗೊಂಡು ಹೋದ್ರೆ ಮೇಂಟೇನ್ ಮಾಡೋಕೆ ದುಡ್ಡಿಲ್ವಾ ಅಂತಾರೆ.

ಉತ್ತರ
ಅನ್ನೋರು ಅಂತಾರ ಬಿಡ್ರಿ ಸರ. ಅಮೆರಿಕದ ಪೆಬಲ್ ಬೀಚ್ ಶೋದಾಗ ರಿಸ್ಟೋರ್ ಮಾಡದ ಗಾಡಿಗೊಳಿಗಂತನ ಬ್ಯಾರೆ ಕ್ಲಾಸ್ ಐತಿ. ಹಳೇ ವಾಹನಗಳ ಅಂತರರಾಷ್ಟ್ರೀಯ ಸಂಘಟನೆ ಫೀವಾ 2012ರಾಗ ಟ್ಯೂರಿನ್ ಚಾರ್ಟರ್ ಅಂತ ತಂದೈತಿ, ಅದರಾಗೂ ಮೊದ್ಲ ಇದ್ದದ್ದನ್ನ ಉಳಸ್ರಿ ಅನ್ನೋದ. ಹಂಗಂತ ನಾನು ರಿಸ್ಟೋರೇಷನ್ ವಿರೋಧಿ ಅಲ್ರಿ. ಮೂರು ಸಲ ಪೇಂಟ್ ಆಗಿ ಅರ್ಧ ಪುಟ್ಟಿನ ಇರೋ ಗಾಡಿ ಬಂದ್ರ ನಾನ ಕೆರೀತೀನಿ, ಅಲ್ಲಿ ಉಳಸಾಕ ಏನೈತಿ? ಆದ್ರ ಹಳೇ ಲ್ಯಾಕರ್ ಮ್ಯಾಲ ಹಂಗ ಪಿಯು ಹೊಡಿಬಾರ್ದು, ಅದರ ಥಿನ್ನರ್‌ಗೆ ಕೆಳಗಿಂದು ಎದ್ದು ಸುಕ್ಕು ಬೀಳ್ತೈತಿ. ಒಣ ಪಾಲಿಶ್ ಪೇಪರ್‌ಲೆ ಕೆರ‍್ಯೋದೂ ಬ್ಯಾಡ, ಹಳೇ ಪೇಂಟಿನಾಗ ಸೀಸ ಇರ್ತೈತಿ, ನೀರ ಹಾಕ್ಕೊಂಡ ತಿಕ್ಕಬೇಕು.

ಪ್ರಶ್ನೆ (ಮಡಗಾಂವ್, ಗೋವಾ)
ಸರ್ ಇಲ್ಲಿ ಸಮುದ್ರದ ಗಾಳಿಗೆ ಹೊಸ ಗಾಡಿನೇ ತುಕ್ಕು ಹಿಡಿಯುತ್ತೆ, ಬರೀ ವ್ಯಾಕ್ಸ್ ಹಚ್ಚಿದ್ರೆ ಸಾಕಾ?

ಉತ್ತರ
ಸಾಕಾಗಂಗಿಲ್ಲ, ಒಳ್ಳೇ ಮಾತ ಕೇಳಿದ್ರಿ, ಮುಲುಂಡ್ ಅಕ್ಕಾರೂ ಇದನ್ನ ಓದ್ರಿ. ಫಿಯಟ್ 1100ಕ್ಕ ಬ್ಯಾರೆ ಚಾಸಿ ಇಲ್ಲ, ಬಾಡಿನ ಚಾಸಿ. ಬಾಗಿಲ ಕೆಳಗಿನ ಸಿಲ್, ಫ್ಲೋರ್, ಜಾಕ್ ಹಾಕೋ ಜಾಗ, ಹಿಂದಿನ ಪಾಟಾ (ಲೀಫ್ ಸ್ಪ್ರಿಂಗ್) ಕೂಡೋ ಜಾಗ, ಇವಿಷ್ಟನ್ನ ಸ್ಕ್ರೂಡ್ರೈವರ್‌ಲೆ ಚುಚ್ಚಿ ನೋಡ್ರಿ. ಒಳಗ ಹೋತಂದ್ರ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡ್ಸೋದ, ಅಲ್ಲಿ ಒರಿಜಿನಲ್ ಅಂತ ಕುಂದ್ರಬಾರ್ದು, ಜೀವದ ಪ್ರಶ್ನೆ. ಗಟ್ಟಿ ಇದ್ರ ನೀರು ಹೋಗೋ ತೂತು ಬಿಡಿಸಿ, ಒಳಗ ಕ್ಯಾವಿಟಿ ವ್ಯಾಕ್ಸ್ (ಟೊಳ್ಳು ಜಾಗದಾಗ ತುಕ್ಕು ತಡ್ಯೋ ವ್ಯಾಕ್ಸ್) ಸ್ಪ್ರೇ ಮಾಡಸ್ರಿ. ಗಾಡಿ ಮ್ಯಾಲ ಪ್ಲಾಸ್ಟಿಕ್ ಕವರ್ ಹಾಕಿದ್ರ ಇವತ್ತ ತಗದ್ ಒಗೀರಿ, ಮಳಿಗಾಲದಾಗ ಆವಿ ಒಳಗ ಸಿಕ್ಕೊಂಡು ಬಿಸಿಲಿಗಿಂತ ಹೆಚ್ಚು ಹಾಳ ಮಾಡ್ತೈತಿ, ಗಾಳಿ ಆಡೋ ಬಟ್ಟಿ ಕವರ್ ಹಾಕ್ರಿ.

ಪ್ರಶ್ನೆ (ಮುಲುಂಡ್)
ತುಂಬಾ ಥ್ಯಾಂಕ್ಸ್ ಅಣ್ಣಾ, ನಮ್ಮ ಕವರ್ ಪ್ಲಾಸ್ಟಿಕ್ಕೇ, ಈಗ್ಲೇ ತೆಗೆಸ್ತೇನೆ. ಮೈದುನ ಕೇಳ್ತಾನೆ, ಪೇಂಟ್ ಮಾಡಿಸದಿದ್ರೆ ವಿಂಟೇಜ್ ನಂಬರ್ (ಹಳೇ ಗಾಡಿಗೆ ಕೊಡುವ ಬೇರೆ ರಿಜಿಸ್ಟ್ರೇಷನ್) ಸಿಗುದಿಲ್ವಾ ಅಂತ.

ಉತ್ತರ
ಪೇಂಟಿಗೂ ಅದಕ್ಕೂ ಸಂಬಂಧ ಇಲ್ಲ. 2021ರ ಕೇಂದ್ರದ ನಿಯಮದಾಗ 50 ವರ್ಷ ದಾಟಿರಬೇಕು, ಚಾಸಿ, ಬಾಡಿ ಶೆಲ್, ಇಂಜಿನ್ ಮೂಲ ರೂಪದಾಗ ಇರ್ಬೇಕು ಅಂತೈತಿ. ಹೊಸ ರಿಜಿಸ್ಟ್ರೇಷನ್‌ಗೆ ಫೀ 20,000 ರೂಪಾಯಿ. ಆದ್ರ ವಿಂಟೇಜ್ ಅಂತ ಮಾಡಿಸಿದ್ರ ದಿನಾ ಓಡಸಾಕ ಬರಂಗಿಲ್ಲ, ರ‍್ಯಾಲಿ, ಪ್ರದರ್ಶನ, ಪೆಟ್ರೋಲ್, ರಿಪೇರಿ ಇಂಥಾದ್ದಕ್ಕ ಅಷ್ಟ, ಮದುವಿ ಮೆರವಣಿಗಿ ಆ ಪಟ್ಟ್ಯಾಗ ಇಲ್ಲ! ಈಗಿನ ಆರ್‌ಸಿ ಚಾಲ್ತಿ ಐತೇನು ಮೊದ್ಲ ನೋಡ್ರಿ. ಮದುವಿಗೆ ಹೊಳಪು ಬೇಕಂದ್ರ ಬಂಪರ್ ಕ್ರೋಮ್ ಮ್ಯಾಲಿನ ಸಣ್ಣ ತುಕ್ಕನ್ನ ಅಡಗಿ ಮನಿ ಅಲ್ಯೂಮಿನಿಯಂ ಫಾಯಿಲ್ ಉಂಡಿ ಮಾಡಿ ನೀರಾಗ ಅದ್ದಿ ತಿಕ್ಕರಿ, ಮೈದುನಗ ಅದ ಕೆಲಸ ಹಚ್ರಿ. ಸಿಲ್ಲಿನ ಫೋಟೋ ಕೆಳಗಿಂದ ತಗದು ಇಲ್ಲೇ ಹಾಕ್ರಿ, ವೆಲ್ಡಿಂಗ್ ಬೇಕೋ ಬ್ಯಾಡೋ ನೋಡಿ ಹೇಳ್ತೀನಿ.