ಅಪ್‌ಡೇಟ್: ಇಂಟರ್‌ವ್ಯೂ ಮುಗಿದ ಮೇಲೆ ಎಚ್‌ಆರ್ ಮಾಯ

ಔಟರ್ ರಿಂಗ್ ರೋಡ್ ಕಡೆಯ ಒಂದು ಕಂಪನಿ ಮೂರು ರೌಂಡ್ ಇಂಟರ್‌ವ್ಯೂ ಮಾಡಿ ಸದ್ದೇ ಇಲ್ಲ, ಏನು ಮಾಡಲಿ ಅಂತ ಕೇಳಿದ್ದೆನಲ್ಲ. ನೇರವಾಗಿ ಮ್ಯಾನೇಜರ್‌ಗೇ ಮೇಲ್ ಹಾಕಿ ಅಂದವರಿಗೆ ಥ್ಯಾಂಕ್ಸ್. ಸಂಜೆಯೊಳಗೆ ಉತ್ತರ ಬಂತು. ಆ ಹುದ್ದೆಯನ್ನೇ ಹೋಲ್ಡ್‌ನಲ್ಲಿ ಇಟ್ಟಿದ್ದಾರಂತೆ. ‘ಎಚ್‌ಆರ್ ಹೇಳಿರ್ತಾರೆ ಅಂದ್ಕೊಂಡಿದ್ದೆ’ ಅಂದರು, ಪಾಪ. ಎಚ್‌ಆರ್ ಮೇಡಂ ಮಾತ್ರ ವಾಟ್ಸಾಪ್‌ನಲ್ಲಿ ನೀಲಿ ಟಿಕ್ ಬಿದ್ದರೂ ತುಟಿ ಬಿಚ್ಚಿಲ್ಲ.

ಕೆನಡಾದ ಒಂಟಾರಿಯೊದಲ್ಲಿ 2026ರ ಜನವರಿಯಿಂದ ಇದಕ್ಕೊಂದು ಕಾನೂನೇ ಇದೆ. 25 ಅಥವಾ ಜಾಸ್ತಿ ನೌಕರರಿರುವ ಕಂಪನಿ ಜಾಹೀರಾತು ಕೊಟ್ಟು ಇಂಟರ್‌ವ್ಯೂ ಮಾಡಿದರೆ, 45 ದಿನದೊಳಗೆ ತೀರ್ಮಾನ ಆಯ್ತೋ ಇಲ್ವೋ ಅಂತ ತಿಳಿಸಲೇಬೇಕು. ನಮಗೆ ನೀಲಿ ಟಿಕ್ಕೇ ಗತಿ!

ಶುಕ್ರವಾರ ಜಯನಗರದಲ್ಲಿ ಇನ್ನೊಂದು ಇಂಟರ್‌ವ್ಯೂ ಇದೆ. ಈ ಸಲ ಕುರ್ಚಿಯಿಂದ ಏಳೋ ಮುಂಚೆನೇ ರಿಸಲ್ಟ್ ಯಾವಾಗ, ಯಾರನ್ನು ಕೇಳಬೇಕು ಅಂತ ಕೇಳಿಬಿಡುತ್ತೇನೆ.