ಪದ ಬೇಕು, ನಾಳೆಯೊಳಗೆ: ಪುಟ್ಟ ಪರದೆಗೆ ಸಿಕ್ಕಿಸುವ ಲೆನ್ಸಿಗೆ ಏನೆನ್ನೋಣ?

ಎಸ್.ಕೆ.:

ಎಲ್ಲರಿಗೂ ನಮಸ್ಕಾರ. ಒಂದು ಡಬ್ಬಿಯ ಮೇಲಿನ ಹೆಸರು, ಒಳಗಿನ ಚೀಟಿ ಎರಡೂ ಕನ್ನಡಕ್ಕೆ ಆಗಬೇಕು. ನಾಳೆ ಮಧ್ಯಾಹ್ನ ಪ್ರೆಸ್ಸಿಗೆ ಹೋಗುತ್ತದೆ. ವಸ್ತು ಇದು: 70 ಮಿ.ಮೀ. ಅಗಲ, 50 ಮಿ.ಮೀ. ಎತ್ತರದ ಅಕ್ರಿಲಿಕ್ ಲೆನ್ಸು, ಪವರ್ +10. ಮಡಚುವ ಎರಡು ಕಾಲು, ಬಿಚ್ಚಿದರೆ 50 ಮಿ.ಮೀ. ಉದ್ದ. ಕಾಲಿನ ಬುಡದಲ್ಲಿ ರಬ್ಬರ್ ಹಚ್ಚಿದ ಕ್ಲಿಪ್ಪು. ಕೀಪ್ಯಾಡ್ ಫೋನು, ಶುಗರ್ ಮೀಟರು, ಇಂಥ ಅಂಗೈಯಗಲದ ಯಾವುದಕ್ಕಾದರೂ ಸಿಕ್ಕಿಸಿದರೆ ಪರದೆಯ ಅಕ್ಷರ 2× ಕಾಣುತ್ತದೆ. ಕೊಳ್ಳುವವರು ಬಹುತೇಕ ವಯಸ್ಸಾದವರು.

ಕಂಪನಿಯವರು ಕೊಟ್ಟ ಕರಡು: "ಲಗತ್ತಿಸಬಹುದಾದ ಪರದೆ ವರ್ಧಕ ಮಸೂರ". ಡಬ್ಬಿಯ ಮುಖದಲ್ಲಿ ಹನ್ನೆರಡು ಅಕ್ಷರಕ್ಕೆ ಜಾಗವಿದೆ, ಇದು ಹದಿನೇಳು. ಅಲ್ಲದೆ ಲಗತ್ತು ಅಂದ ಕೂಡಲೇ ಅರ್ಜಿಯ ಹಿಂದೆ ಪಿನ್ನು ಹೊಡೆದ ಜೆರಾಕ್ಸ್ ನೆನಪಾಗುತ್ತದೆ. ಒಂದು ಹೆಸರು ಬೇಕು. 2× ಅನ್ನು ಹೇಗೆ ಬರೆಯಬೇಕು ಅನ್ನುವುದೂ ಬೇಕು.

ಜಿ.ವಿ.:

ವರ್ಧಕ ಮಸೂರ. ಶಾಲಾ ಪಠ್ಯದಲ್ಲಿ ಪೀನ ಮಸೂರ, ವರ್ಧನೆ, ಸಂಗಮ ದೂರ ಎಲ್ಲ ಇವೆ. ಇದ್ದದ್ದನ್ನು ಬಳಸಿ. ಭೂತಗನ್ನಡಿ ಅಂತ ಯಾರಾದರೂ ಬರುವ ಮೊದಲೇ ಹೇಳಿಬಿಡುತ್ತೇನೆ: ಸಂಸ್ಕೃತದ ಭೂತಕ್ಕೆ ಕನ್ನಡದ ಕನ್ನಡಿ ಸೇರಿಸಿದರೆ ಅರಿಸಮಾಸ. ಮೇಲಾಗಿ ಕನ್ನಡಿ ಬೆಳಕನ್ನು ಹಿಂದಕ್ಕೆ ಕಳಿಸುವಂಥದ್ದು, ಇದು ಬಾಗಿಸಿ ಮುಂದಕ್ಕೆ ಬಿಡುವಂಥದ್ದು. ಎರಡು ತಪ್ಪು ಒಂದೇ ಪದದಲ್ಲಿ.

ಮ.ಗೌ.:

ಮಸೂರ ಅಂದರೆ ಏನು ಅಂತ ಯಾರಾದರೂ ಅಡುಗೆಮನೆಯಲ್ಲಿ ಕೇಳಿನೋಡಿ. ಚನ್ನಂಗಿ ಬೇಳೆ! ಲ್ಯಾಟಿನ್ನಿನಲ್ಲಿ ಲೆನ್ಸ್ ಅಂದರೆ ಅದೇ ಕಾಳು. ಎರಡು ಕಡೆ ಉಬ್ಬಿದ ಗಾಜು ಆ ಕಾಳಿನ ಹಾಗೆ ಕಂಡಿತು ಅಂತ ಯುರೋಪಿನವರು ಆ ಹೆಸರಿಟ್ಟರು. ನಮ್ಮ ಪಂಡಿತರು ಅದನ್ನು ಸಕ್ಕದಕ್ಕೆ ತಿರುಗಿಸಿ ಮಸೂರ ಅಂದರು. ಅವರು ತಮ್ಮ ಮನೆಯ ಕಾಳಿನ ಹೆಸರಿಟ್ಟರೆ ನಾವು ಬೇರೆಯವರ ಮನೆಯ ಕಾಳಿನ ಹೆಸರಿಡಬೇಕೇ? ಹಿಗ್ಗುಗನ್ನಡಿ ಅನ್ನಿ. ಹಿಗ್ಗು, ಕನ್ನಡಿ ಎರಡೂ ನಮ್ಮವು. ಪರದೆ ಬೇಡ, ಪಾರಸಿಯದು, ತೆರೆ ಅನ್ನಿ. ಪೋನು ಬೇಡ, ಅಲೆಯುಲಿ. "ಕಿರುತೆರೆ ಹಿಗ್ಗುಗನ್ನಡಿ" ಅಂದರೆ ಸರಿಯಾಗಿ ಒಂಬತ್ತಕ್ಕರ.

ಜಿ.ವಿ.:

ಹಾಗಾದರೆ ಚನ್ನಂಗಿಗಾಜು ಅನ್ನಿ, ಸಾರಿಗೂ ಆದೀತು. ಅಂದಹಾಗೆ ನಿಮ್ಮ ಅಕ್ಷರ ಎಣಿಸಿ ನೋಡಿದೆ, ಒಂಬತ್ತು ಸರಿ.

ಎಸ್.ಕೆ.:

ಕಿರುತೆರೆ ಅಂದರೆ ಟಿ.ವಿ. ಅಂತ ಊರಿಗೆಲ್ಲ ಗೊತ್ತಾಗಿಹೋಗಿದೆ. ಡಬ್ಬಿ ನೋಡಿದವರು ಧಾರಾವಾಹಿ ನೋಡುವ ಕನ್ನಡಿ ಅಂದುಕೊಂಡಾರು. ಹಿಗ್ಗು ಅಂದರೆ ಸಂತೋಷಪಡುವುದೂ ಹೌದಲ್ಲ, ಅದನ್ನೇನು ಮಾಡೋಣ?

ಆರ್.ಎನ್.:

ನಾಮಪದಕ್ಕೆ ಇಷ್ಟು ಜಗಳ, ಕ್ರಿಯಾಪದವನ್ನು ಒಬ್ಬರೂ ಮುಟ್ಟಲಿಲ್ಲ. ಈ ವಸ್ತುವಿನಲ್ಲಿ ಜನ ಎಡವುವುದು ಅಲ್ಲೇ.

ಪವರ್ +10 ಅಂದರೆ ಸಂಗಮ ದೂರ, ಅಂದರೆ ದೂರದ ಬೆಳಕು ಲೆನ್ಸು ದಾಟಿ ಒಂದು ಕಡೆ ಸೇರುವ ಅಂತರ, 100 ಮಿ.ಮೀ. ಸಂಗಮ ದೂರವನ್ನು, ಸಂಗಮ ದೂರದಲ್ಲಿ ಪರದೆಯ ಅಂತರ ಕಳೆದು ಉಳಿದದ್ದರಿಂದ ಭಾಗಿಸಿದರೆ ವರ್ಧನೆ ಬರುತ್ತದೆ. ಕಾಲು 50 ಮಿ.ಮೀ. ಇರುವುದರಿಂದ 100 ಭಾಗಿಸು 50, ಎರಡು. ಅಂತರ 30ಕ್ಕೆ ಇಳಿದರೆ 1.4. ಪರದೆಗೆ ತಾಗಿಸಿಯೇ ಇಟ್ಟರೆ ಒಂದು, ಅಂದರೆ ಏನೂ ಇಲ್ಲ. ಚೀಟಿಯಲ್ಲಿ "ಅಂಟಿಸಿ", "ಪರದೆಯ ಮೇಲೆ ಇಡಿ", "ಹಚ್ಚಿ" ಅಂತ ಎಲ್ಲಾದರೂ ಬಂದರೆ ಕೊಂಡವರು ಕಾಲು ಮಡಚಿ ಫೋನಿನ ಮೇಲೆ ಚಪ್ಪಟೆಯಾಗಿ ಇಟ್ಟು, ಬರೀ ಪ್ಲಾಸ್ಟಿಕ್ಕು ಕೊಟ್ಟಿದ್ದಾರೆ ಅಂತ ವಾಪಸ್ ತರುತ್ತಾರೆ. ಇನ್ನೊಂದು ಕಡೆಗೆ 70 ಮಿ.ಮೀ. ದೂರಕ್ಕೆ ಹಿಡಿದರೆ 3.3 ಪಟ್ಟು ಸಿಗುತ್ತದೆ, ಆದರೆ ಅಂಚಿನ ಅಕ್ಷರ ಬಾಗಿ ಅದರ ಸುತ್ತ ನೀಲಿ, ಕೆಂಪು ಗೆರೆ ಏಳುತ್ತದೆ, ಸಾಲಿನ ಎರಡೂ ತುದಿ ಲೆನ್ಸಿನ ಆಚೆ ಹೋಗುತ್ತವೆ.

ನೂರನ್ನು ದಾಟಿಸಿ ಕೈಚಾಚಿ ಹಿಡಿದರೆ ಬಿಂಬ ತಲೆಕೆಳಗು. ಫೋನಿನಲ್ಲಾದರೆ ಕೂಡಲೇ ಗೊತ್ತಾಗುತ್ತದೆ. ಶುಗರ್ ಮೀಟರಿನ ಏಳು ಗೆರೆಯ ಅಂಕಿಯಲ್ಲಿ ಗೊತ್ತಾಗುವುದಿಲ್ಲ. 86 ಬರೆದು ಕಾಗದ ತಿರುಗಿಸಿ ನೋಡಿ, 98. 68 ತಿರುಗಿದರೆ 89. 68 ಕಡಿಮೆಯಾಯಿತು ಅಂತ ಸಕ್ಕರೆ ತಿನ್ನಬೇಕಾದವರು 89 ಓದಿ ಸುಮ್ಮನಾಗುತ್ತಾರೆ. ಕಾಲು ಬಿಚ್ಚಿ ಕ್ಲಿಪ್ಪು ಸಿಕ್ಕಿಸಿದರೆ ಈ ಅಪಾಯವಿಲ್ಲ, ಅಂತರ ತಾನಾಗಿಯೇ 50ಕ್ಕೆ ನಿಲ್ಲುತ್ತದೆ. ಆದ್ದರಿಂದ ಹೆಸರಿನಲ್ಲೇ "ಸಿಕ್ಕಿಸುವ" ಇರಲಿ. ಮುಂದೆ ಭೂತಗನ್ನಡಿಯೋ ಬೇಳೆಯೋ ನಿಮ್ಮಿಷ್ಟ.

ಪಿ.ಬಿ.:

> ಪರದೆಗೆ ತಾಗಿಸಿಯೇ ಇಟ್ಟರೆ ಒಂದು, ಅಂದರೆ ಏನೂ ಇಲ್ಲ.

ರೋಲೆಕ್ಸ್ ಗಡಿಯಾರದಲ್ಲಿ ತಾರೀಖಿನ ಮೇಲಿನ ಗುಳ್ಳೆ ಗಾಜಿಗೆ ಅಂಟಿದ್ದೇ ಅಲ್ಲವೇ? ಅದು ಎರಡೂವರೆ ಪಟ್ಟು ತೋರಿಸುತ್ತದಲ್ಲ?

ಆರ್.ಎನ್.:

ಅಂಟಿರುವುದು ಗಾಜಿಗೆ, ತಾರೀಖಿಗಲ್ಲ. ನಡುವೆ ಗಾಜಿನ ದಪ್ಪ, ಮುಳ್ಳುಗಳ ಎತ್ತರ ಸೇರಿ ಕೆಲವು ಮಿ.ಮೀ. ಅಂತರವಿದೆ. ಗುಳ್ಳೆ ಬಹಳ ಉಬ್ಬಿರುವುದರಿಂದ ಸಂಗಮ ದೂರವೂ ಕೆಲವೇ ಮಿ.ಮೀ. ಅಷ್ಟು ಉಬ್ಬಿದ ಗಾಜಿನಡಿ ಒಂದು ತಾರೀಖು ಕಾಣಿಸಬಹುದು, ಫೋನಿನ ಪರದೆ ಕಾಣಿಸಲಾಗದು.

ಟಿ.ಎಸ್.:

ಜಿ.ವಿ. ಅವರು ಹೊಡೆದುಹಾಕಿದ ಪದವನ್ನು ಮತ್ತೆ ಎತ್ತುತ್ತೇನೆ. ತಮಿಳರು ಪೂದಕ್ಕಣ್ಣಾಡಿ, ತೆಲುಗರು ಭೂತದ್ದಮು, ಮಲಯಾಳಿಗಳು ಭೂತಕ್ಕಣ್ಣಾಡಿ. ನಾಲ್ಕು ಭಾಷೆಯವರೂ ಒಂದೇ ಭೂತವನ್ನು ಸಾಕಿಕೊಂಡಿರುವಾಗ ಇದು ಯಾರದೋ ಒಬ್ಬರ ತಪ್ಪು ಅನ್ನಲಾಗದು. ಭೂತಾಕಾರ ಅನ್ನುವಾಗಿನ ಭೂತವೇ ಇದು, ದೆವ್ವವಲ್ಲ.

ಕನ್ನಡಿಯ ಆಕ್ಷೇಪವೂ ನಿಲ್ಲುವುದಿಲ್ಲ. ತಮಿಳಿನಲ್ಲಿ ಕಣ್ಣಾಡಿ ಮುಖ ನೋಡುವುದಕ್ಕೂ ಮೂಗಿನ ಮೇಲಿಡುವುದಕ್ಕೂ ಬರುತ್ತದೆ. ನಮ್ಮಲ್ಲಿ ಕನ್ನಡಕ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆಯೇ? ಹೆಸರು ಬದಲಿಸಿ ಅಂತ ಕನ್ನಡಕದ ಅಂಗಡಿಯವರಿಗೆ ಹೇಳಿ ಬನ್ನಿ.

ಇನ್ನು ಅರಿಸಮಾಸ. ತದ್ಭವವಾದರೆ ಕನ್ನಡದೊಡನೆ ಸೇರಬಹುದು ಅನ್ನುವುದು ಕೇಶಿರಾಜನ ಕಾಲದಿಂದ ಬಂದ ಮಾತು. ಭೂತದ ತದ್ಭವ ಬೂತ. ಬೂತಗನ್ನಡಿ ಅಂದರೆ ವ್ಯಾಕರಣ ಶುದ್ಧ, ಮ.ಗೌ. ಅವರ ಮಹಾಪ್ರಾಣ ಕಳೆಯುವ ವ್ರತವೂ ಶುದ್ಧ. ಇಬ್ಬರೂ ಒಂದೇ ಪದಕ್ಕೆ ಬಂದು ನಿಂತಿದ್ದೀರಿ, ಕೈಕುಲುಕಿ.

ಜಿ.ವಿ.:

ತದ್ಭವ ಅನ್ನಬೇಕಾದರೆ ಬಳಕೆ ಬೇಕು. ಬರೆಯುವಾಗ ಬಾಲ ಕತ್ತರಿಸಿದ್ದೆಲ್ಲ ತದ್ಭವವಲ್ಲ.

ಮ.ಗೌ.:

ನಾಡಿನಲ್ಲಿ ಯಾರು ಬಾಯಿಬಿಟ್ಟು "ಭೂ" ಅನ್ನುತ್ತಾರೆ? ಹೇಳುವುದು ಬೂತ, ಬರೆಯುವುದು ಭೂತ. ಬಾಲ ಕತ್ತರಿಸಿದ್ದು ನಾವಲ್ಲ, ಅಂಟಿಸಿದ್ದು ನೀವು. ಆದರೂ ಬೂತ ಎರವಲೇ. ನಾನು ಹಿಗ್ಗುಗನ್ನಡಿ ಬಿಡುವುದಿಲ್ಲ. ಹಿಗ್ಗಿಗೆ ಮೊದಲ ಹುರುಳೇ ಉಬ್ಬುವುದು. ನಲಿದಾಗ ಎದೆ ಉಬ್ಬುತ್ತದಲ್ಲ, ಅಲ್ಲಿಂದ ಬಂದದ್ದು ಇನ್ನೊಂದು ಹುರುಳು.

ಪಿ.ಬಿ.:

ಎರವಲು ಎರವಲು ಅಂತ ಎಷ್ಟು ಹೊತ್ತು? ದುರ್ಬೀನು ಪಾರಸಿಯದು, ಜಾತ್ರೆಯಲ್ಲಿ ಅದನ್ನು ಕೊಂಡ ಹುಡುಗನಿಗೆ ಅದರಿಂದ ಏನೂ ತೊಂದರೆಯಾಗಿಲ್ಲ. ಲೆನ್ಸು ಅನ್ನಿ, ಮುಗಿಯಿತು. ರಷ್ಯನ್ನರು ಅದನ್ನೇ ಮಾಡಿದರು. 1949ರ ಸುಮಾರಿಗೆ ಅಲ್ಲಿ ಬಂದ ಕೆ.ವಿ.ಎನ್.-49 ಟಿ.ವಿ.ಯ ಚಿತ್ರ ಅಂಚೆ ಕಾರ್ಡಿನಷ್ಟೇ ದೊಡ್ಡದಿತ್ತು. ಅದರ ಮುಂದೆ ನಿಲ್ಲಿಸಲು ಒಳಗೆ ನೀರನ್ನೋ ಗ್ಲಿಸರಿನ್ನನ್ನೋ ತುಂಬಿದ ಟೊಳ್ಳು ಲೆನ್ಸು ಬೇರೆ ಸಿಗುತ್ತಿತ್ತು. ಅದಕ್ಕೆ ಅವರು ಅಂದದ್ದು ಲಿಂಜಾ, ಅಷ್ಟೇ. 1989ರಲ್ಲಿ ಬಂದ ಗೇಮ್ ಬಾಯ್ ಅನ್ನುವ ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮಿಗೆ 2.6 ಇಂಚಿನ ಪರದೆ, ಹಿಂದೆ ಬೆಳಕಿಲ್ಲ. ಅದಕ್ಕೆ ಸಿಕ್ಕಿಸಲು ಬಲ್ಬು ಸಮೇತದ ಲೆನ್ಸು ಬಂತು, ಹೆಸರು ಲೈಟ್ ಬಾಯ್. ಹೆಸರಿನಲ್ಲಿ ಲೆನ್ಸೂ ಇಲ್ಲ, ವರ್ಧನೆಯೂ ಇಲ್ಲ. ಮಾರಾಟವೇನೂ ನಿಲ್ಲಲಿಲ್ಲ.

ಟಿ.ಎಸ್.:

ಲೆನ್ಸು ಅಂದರೆ ಇವತ್ತು ಕಣ್ಣೊಳಗೆ ಹಾಕುವುದು, ಪೊರೆ ತೆಗೆದ ಮೇಲೆ ಕೂರಿಸುವುದು, ಇಲ್ಲವೇ ಕ್ಯಾಮೆರಾದ್ದು. ವಯಸ್ಸಾದವರ ಡಬ್ಬಿಯ ಮೇಲೆ "ಸಿಕ್ಕಿಸುವ ಲೆನ್ಸು" ಅಂತ ಹಾಕಿದರೆ ಮೊದಲ ಅರ್ಥ ಕಣ್ಣಿನದೇ. ಬೇಡ.

ಎಸ್.ಕೆ.:

ಸಿಕ್ಕಿಸುವ ಭೂತಗನ್ನಡಿ. ಒಂಬತ್ತು ಅಕ್ಷರ, ಜಾಗಕ್ಕೆ ಸರಿ. ಮಹಾಪ್ರಾಣ ಉಳಿಸಿಕೊಳ್ಳುತ್ತೇನೆ, ಶಾಲೆಯಲ್ಲಿ ಹಾಗೆ ಓದಿದವರೇ ಕೊಳ್ಳುವವರು. ಮ.ಗೌ. ಅವರು ಮನ್ನಿಸಬೇಕು. ಈಗ 2×. "ಎರಡು ಪಟ್ಟು ಹೆಚ್ಚು" ಅನ್ನಬಹುದೇ?

ಆರ್.ಎನ್.:

ಬೇಡ. ಇದ್ದ ಒಂದರ ಮೇಲೆ ಎರಡು ಹೆಚ್ಚಾದರೆ ಮೂರು ಅಂತ ಲೆಕ್ಕ ಹಾಕುವವರಿದ್ದಾರೆ. "ಎರಡರಷ್ಟು ದೊಡ್ಡದು" ಅನ್ನಿ. ಅಗಲದಲ್ಲಿ ಎರಡು, ಎತ್ತರದಲ್ಲಿ ಎರಡು. ವಿಸ್ತೀರ್ಣ ಲೆಕ್ಕ ಹಾಕಿ "ನಾಲ್ಕು ಪಟ್ಟು" ಅಂತ ಮುದ್ರಿಸೋಣ ಅಂದರೆ ಒಪ್ಪಬೇಡಿ, ಆ ಚಾಳಿ ಇದೆ. ಹಾಗೆಯೇ "ಸ್ಪಷ್ಟ" ಅನ್ನುವ ಪದವನ್ನೂ ಹೆಸರಿನ ಹತ್ತಿರ ತರಬೇಡಿ. ಪರದೆಯಲ್ಲಿ ಇಲ್ಲದ ಚುಕ್ಕೆಯನ್ನು ಲೆನ್ಸು ತರುವುದಿಲ್ಲ, ಇದ್ದ ಚುಕ್ಕೆಯನ್ನೇ ದಪ್ಪ ಮಾಡುತ್ತದೆ.

ಮ.ಗೌ.:

ಇಮ್ಮಡಿ ಅನ್ನುವ ಅಚ್ಚಗನ್ನಡ ಪದ ಇರುವಾಗ ಎರಡರಶ್ಟು ಯಾಕೆ?

ಎಸ್.ಕೆ.:

ಮುಂದಿನ ಸಾಲೇ "ಕಾಲು ಮಡಚಬೇಡಿ". ಮೇಲೆ ಇಮ್ಮಡಿ, ಕೆಳಗೆ ಮಡಚಬೇಡಿ ಅಂದರೆ ಕಣ್ಣು ತೊಡರುತ್ತದೆ. ಚೀಟಿ ಹೀಗಿದೆ, ತಪ್ಪಿದ್ದರೆ ಈಗಲೇ ಹೇಳಿ:

"ಕಾಲು ಎರಡನ್ನೂ ಟಕ್ ಅನ್ನುವವರೆಗೆ ಬಿಚ್ಚಿ. ಕ್ಲಿಪ್ಪನ್ನು ಫೋನಿನ ಅಂಚಿಗೆ ಸಿಕ್ಕಿಸಿ. ಭೂತಗನ್ನಡಿ ಪರದೆಗೆ ಸಮವಾಗಿ ನಿಲ್ಲಲಿ, ಓರೆಯಾದರೆ ಅಕ್ಷರ ಒಂದು ಕಡೆ ದಪ್ಪ ಕಾಣುತ್ತದೆ. ಬಳಸುವಾಗ ಕಾಲು ಮಡಚಬೇಡಿ. ಕೈಯಲ್ಲಿ ಹಿಡಿದು ದೂರದಿಂದ ನೋಡಬೇಡಿ, ಅಂಕಿ ತಲೆಕೆಳಗಾಗುತ್ತದೆ. ಸೋಪಿನ ನೀರು, ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿ. ಬಿಸಿಲಿನಲ್ಲಿ ಇಡಬೇಡಿ."

ಆರ್.ಎನ್.:

ಮೂರು ತಿದ್ದುಪಡಿ. ಫೋನಿನ ಅಂಚು ಅಂದರೆ ಸಾಲದು. ಪಕ್ಕದ ಅಂಚಿಗೆ ಸಿಕ್ಕಿಸಿದರೆ ಕ್ಲಿಪ್ಪು ವಾಲ್ಯೂಮ್ ಬಟನ್ ಒತ್ತಿಕೊಂಡು ಕೂರುತ್ತದೆ, ಮೀಟರಿನಲ್ಲಿ ಪಟ್ಟಿ ತೂರಿಸುವ ಬಾಯಿಯನ್ನು ಮುಚ್ಚಬಹುದು. "ಬಟನ್ ಇಲ್ಲದ, ಪಟ್ಟಿ ತೂರಿಸದ ಅಂಚಿಗೆ" ಅನ್ನಿ. ಒರೆಸುವ ಸಾಲಿಗೆ "ಸ್ಪಿರಿಟ್, ಸ್ಯಾನಿಟೈಸರ್ ಬೇಡ" ಸೇರಿಸಿ, ಅಕ್ರಿಲಿಕ್ಕಿನ ಮೇಲೆ ಕೂದಲೆಳೆಯಂಥ ಬಿರುಕು ಬಿಡುತ್ತವೆ, ಮತ್ತೆ ಹೋಗುವುದಿಲ್ಲ.

ಬಿಸಿಲಿನ ಸಾಲನ್ನು ಕೊನೆಯಿಂದ ಎತ್ತಿ ಮೊದಲಿಗೆ ಹಾಕಿ, ದಪ್ಪಕ್ಷರದಲ್ಲಿ. 100 ಮಿ.ಮೀ. ಸಂಗಮ ದೂರದ ಲೆನ್ಸು ಸೂರ್ಯನನ್ನು ಒಂದು ಮಿ.ಮೀ. ಚುಕ್ಕೆಗೆ ಇಳಿಸುತ್ತದೆ. ಕಿಟಕಿಯ ಹತ್ತಿರ ಪೇಪರಿನ ಮೇಲೆ ಬಿಟ್ಟು ಹೋದರೆ ಹೊಗೆ ಏಳುತ್ತದೆ.

ಜಿ.ವಿ.:

ಚೀಟಿಯೊಳಗಾದರೂ ಒಂದು ಕಡೆ ಮಸೂರ ಅಂತ ಹಾಕಿ.

ಎಸ್.ಕೆ.:

ಹಾಕಿದೆ. ಹಿಂಬದಿಯ ವಿವರದಲ್ಲಿ: "ಅಕ್ರಿಲಿಕ್ ಪೀನ ಮಸೂರ, +10". ಬಿಸಿಲಿನ ಸಾಲು ಮೇಲೆ ಹೋಯಿತು. ಫೈಲು ಕಳಿಸುತ್ತಿದ್ದೇನೆ.

ಮ.ಗೌ.:

ಪೀನ ಅಂದರೇನು ಅಂತ ಯಾರಾದರೂ ಹೇಳಿ. ಉಬ್ಬುಗಾಜು ಅಂದಿದ್ದರೆ ಆಗುತ್ತಿರಲಿಲ್ಲವೇ?