ಡಾಲಸ್‌ನಲ್ಲಿ ಆತ್ಮರಕ್ಷಣೆಗಾಗಿ ದಿನವೂ ಪಿಸ್ತೂಲು ಇಟ್ಟುಕೊಳ್ಳುವುದು: ಸಿದ್ಧತೆ ಎಲ್ಲಿಂದ ಆರಂಭವಾಗಬೇಕು?

ಮಳೆನಾಡಿನವ, ಇರ್ವಿಂಗ್

ಎಲ್ಲರಿಗೂ ನಮಸ್ಕಾರ. ಹದಿನಾಲ್ಕು ವರ್ಷಗಳಿಂದ ಡಾಲಸ್ ಸುತ್ತಮುತ್ತ ವಾಸವಾಗಿದ್ದೇನೆ. ಕಳೆದ ವರ್ಷ ಗ್ರೀನ್ ಕಾರ್ಡ್ ಕೈಸೇರಿತು. ಹಗಲು ಕಚೇರಿಯ ಕೆಲಸ. ವಾರದಲ್ಲಿ ಮೂರು ರಾತ್ರಿ, ಗೆಳೆಯನೊಂದಿಗೆ ಪಾಲುದಾರಿಕೆಯಲ್ಲಿ ನಡೆಸುತ್ತಿರುವ ದಿನಸಿ ಅಂಗಡಿಯ ಬಾಗಿಲು ಹಾಕಿ, ಆ ದಿನದ ನಗದನ್ನು ಬ್ಯಾಂಕಿಗೆ ಒಯ್ಯುವ ಹೊಣೆ ನನ್ನದು. 2025ರ ಸೆಪ್ಟೆಂಬರಿನಲ್ಲಿ ಇದೇ ಡಾಲಸ್‌ನ ಮೋಟೆಲೊಂದರಲ್ಲಿ, ಕರ್ನಾಟಕದಿಂದ ಬಂದು ವ್ಯವಸ್ಥಾಪಕರಾಗಿದ್ದ ಒಬ್ಬರು ಹೆಂಡತಿ ಮಗನ ಕಣ್ಣೆದುರಿಗೇ ಹತ್ಯೆಯಾದ ಸುದ್ದಿಯನ್ನು ಓದಿದ ಮೇಲೆ, ಆ ಹತ್ತು ನಿಮಿಷದ ದಾರಿ ನನಗೆ ಮೊದಲಿನಂತೆ ಉಳಿದಿಲ್ಲ.

ಕೋವಿ ನನಗೆ ಹೊಸದಲ್ಲ. ಕೊಡಗಿನ ಮನೆಯಲ್ಲಿ ಹುಟ್ಟಿದವನು. ಮಗು ಹುಟ್ಟಿದರೆ ಒಂದು ಗುಂಡು, ಹಿರಿಯರು ತೀರಿಕೊಂಡರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ವಾಡಿಕೆಯ ನಡುವೆ ಬೆಳೆದವನು. ಕೈಲ್ ಮುಹೂರ್ತದ ದಿನ ಅಪ್ಪ ಕೋವಿಯನ್ನು ತೊಳೆದು ಹೂವಿಟ್ಟು ಪೂಜಿಸುತ್ತಿದ್ದುದನ್ನು ನೋಡುತ್ತಲೇ ಅದರ ಬಗ್ಗೆ ಗೌರವ ಕಲಿತೆ. ಆದರೆ ಅಂಗಿಯ ಅಡಿಯಲ್ಲಿ ಪಿಸ್ತೂಲು ಇಟ್ಟುಕೊಂಡು ಜನರ ನಡುವೆ ಓಡಾಡುವ ಅಭ್ಯಾಸ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಟೆಕ್ಸಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ ಪರವಾನಗಿಯಿಲ್ಲದೆಯೂ ಪಿಸ್ತೂಲು ಇಟ್ಟುಕೊಳ್ಳಬಹುದು ಎಂದು ಓದಿದೆ. ಹಾಗಿದ್ದರೂ ಪರವಾನಗಿ ಪಡೆಯುವುದರಿಂದ ಪ್ರಯೋಜನವುಂಟೇ? ಯಾವ ಪಿಸ್ತೂಲು, ಅದನ್ನು ಎಲ್ಲಿ ಧರಿಸುವುದು, ಎಷ್ಟು ಅಭ್ಯಾಸ ಸಾಕು? ಏಪ್ರಿಲ್‌ನಲ್ಲಿ ಅಪ್ಪ ವಿಸಿಟರ್ ವೀಸಾದಲ್ಲಿ ಬರುತ್ತಿದ್ದಾರೆ. ಅವರನ್ನೂ ಗುರಿ ಅಭ್ಯಾಸದ ರೇಂಜ್‌ಗೆ ಕರೆದೊಯ್ದು ಜೊತೆಯಾಗಿ ಅಭ್ಯಾಸ ಮಾಡುವ ಆಸೆಯಿದೆ. ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಹಳೆಯ ವಲಸಿಗ, ಹ್ಯೂಸ್ಟನ್

2009ರಿಂದ ಪರವಾನಗಿಯೊಂದಿಗೆ ಪಿಸ್ತೂಲು ಧರಿಸುತ್ತಿದ್ದೇನೆ. ಈ ಅವಧಿಯಲ್ಲಿ ಒಮ್ಮೆಯೂ ಅದನ್ನು ಹೊರತೆಗೆಯುವ ಸಂದರ್ಭ ಬರಲಿಲ್ಲ. ಅದಕ್ಕೆ ಅದೃಷ್ಟದಷ್ಟೇ, ಬೇರೆ ಕೆಲವು ಅಭ್ಯಾಸಗಳನ್ನು ಬದಲಿಸಿಕೊಂಡದ್ದೂ ಕಾರಣ. ಆದ್ದರಿಂದ ಪಿಸ್ತೂಲಿನ ಪ್ರಶ್ನೆಯನ್ನು ಸ್ವಲ್ಪ ಬದಿಗಿಟ್ಟು ಮೊದಲು ನಿಮ್ಮ ಹತ್ತು ನಿಮಿಷದ ದಾರಿಯನ್ನೇ ನೋಡೋಣ. ವಾರದ ಅದೇ ಮೂರು ರಾತ್ರಿ, ಅದೇ ಹೊತ್ತಿಗೆ, ಒಬ್ಬರೇ, ಅದೇ ಚೀಲ ಹಿಡಿದು ಹೊರಡುತ್ತಿದ್ದರೆ ಅಲ್ಲಿಯೇ ದೊಡ್ಡ ಲೋಪವಿದೆ. ನಗದನ್ನು ಹಗಲು ಹೊತ್ತಿನಲ್ಲಿ, ದಿನ ಬದಲಿಸಿ, ಇಬ್ಬರು ಕೂಡಿ ಒಯ್ಯಿರಿ. ರಾತ್ರಿಯ ಹಣ ಅಂಗಡಿಯ ನೆಲಕ್ಕೆ ಬಿಗಿದ ತಿಜೋರಿಯಲ್ಲಿರಲಿ. ಹಿಂಬಾಗಿಲಿನ ದೀಪ ಉರಿಯುತ್ತಿರಲಿ. ಬಾಗಿಲು ತೆರೆಯುವ ಮುನ್ನ ಕಾರು ನಿಂತ ಜಾಗವನ್ನು ಕ್ಯಾಮೆರಾದಲ್ಲಿ ನೋಡಿರಿ. ಯಾರಾದರೂ ಅಡ್ಡಗಟ್ಟಿ ಚೀಲ ಕೇಳಿದರೆ, ಕೊಟ್ಟು ಪಾರಾಗಲು ಸಾಧ್ಯವಿರುವಾಗ ಕೊಟ್ಟುಬಿಡಿ ಎಂದೇ ಹೇಳುತ್ತೇನೆ. ಈ ನಿರ್ಧಾರವನ್ನು ಮನೆಯಲ್ಲಿ ಕುಳಿತು ಮುಂಚಿತವಾಗಿ ಮಾಡಿಕೊಳ್ಳದವನು ಕತ್ತಲಲ್ಲಿ ಎರಡು ಸೆಕೆಂಡಿನೊಳಗೆ ಸರಿಯಾಗಿ ಮಾಡಲಾರ.

ಪರವಾನಗಿ ಪಡೆಯಿರಿ. ಶುಲ್ಕ 40 ಡಾಲರ್; ನಾಲ್ಕರಿಂದ ಆರು ಗಂಟೆಯ ಪಾಠ, ಆಮೇಲೆ ಗುರಿಯ ಪರೀಕ್ಷೆ. ಪರೀಕ್ಷೆಯಲ್ಲಿ 3, 7 ಮತ್ತು 15 ಗಜ ದೂರದಿಂದ ಒಟ್ಟು 50 ಗುಂಡು ಹಾರಿಸಿ, 250ರಲ್ಲಿ 175 ಅಂಕ ಪಡೆಯಬೇಕು. ನೀವು ಸುಲಭವಾಗಿ ತೇರ್ಗಡೆಯಾಗುತ್ತೀರಿ, ಆದರೆ ಅಪಾಯ ಇರುವುದೂ ಅಲ್ಲಿಯೇ. ಆ ಪರೀಕ್ಷೆಯಲ್ಲಿ ಅಂಗಿಯ ಅಡಿಯಿಂದ ಪಿಸ್ತೂಲು ತೆಗೆಯಬೇಕಾಗಿಲ್ಲ, ಕತ್ತಲಿಲ್ಲ, ಸುತ್ತ ಓಡುವ ಜನರಿಲ್ಲ, ಕಾಗದದ ಗುರಿ ಅಲುಗಾಡುವುದಿಲ್ಲ. ತೇರ್ಗಡೆಯಾದವನು ಸಿದ್ಧನಾದ ಎಂದು ಅದು ಹೇಳುವುದಿಲ್ಲ. ಕಲಿಯಲು ತೊಡಗಬಹುದು ಎಂದಷ್ಟೇ ಹೇಳುತ್ತದೆ.

ಕೊಡಗಿನ ಅನುಭವದ ಬಗ್ಗೆ ಒಂದು ಎಚ್ಚರಿಕೆಯ ಮಾತನ್ನು ಗೌರವದಿಂದಲೇ ಹೇಳುತ್ತೇನೆ. ಉದ್ದ ನಳಿಗೆಯ ಕೋವಿ ಭುಜಕ್ಕೆ ಆತುಕೊಳ್ಳುತ್ತದೆ, ಅದರ ಬಾಯಿ ಎತ್ತ ತಿರುಗಿದೆ ಎಂಬುದು ಹಿಡಿದವನಿಗೂ ಪಕ್ಕದವನಿಗೂ ಕಾಣುತ್ತದೆ. ಪಿಸ್ತೂಲಿನ ನಳಿಗೆ ನಾಲ್ಕು ಇಂಚು. ಮಣಿಕಟ್ಟು ತುಸು ಹೊರಳಿದರೆ ಸಾಕು, ಅದು ನಿಮ್ಮ ತೊಡೆಯನ್ನೋ ಗೆಳೆಯನ ಹೊಟ್ಟೆಯನ್ನೋ ದಾಟಿ ಹೋಗಿರುತ್ತದೆ. ಗುರಿ ಹಿಡಿಯುವ ಕ್ಷಣದವರೆಗೆ ಕುದುರೆಯ (ಟ್ರಿಗರ್‌ನ) ಮೇಲೆ ಬೆರಳಿಡಬಾರದು ಎಂಬ ನಿಯಮ ನಿಮಗೆ ಗೊತ್ತಿದೆ. ಅದನ್ನು ಸೊಂಟದಿಂದ ಪಿಸ್ತೂಲು ತೆಗೆಯುವ ಅವಸರದಲ್ಲೂ ಕೈ ತಾನಾಗಿಯೇ ಪಾಲಿಸುವಂತೆ ಹೊಸದಾಗಿ ಕಲಿಯಬೇಕು.

ಪಿಸ್ತೂಲಿಗಿಂತ ಹೋಲ್‌ಸ್ಟರ್ (ಪಿಸ್ತೂಲು ಇಡುವ ಒರೆ) ಮತ್ತು ಬೆಲ್ಟ್ ಮುಖ್ಯ. ಕೈಗೆ ಹೊಂದುವ ಯಾವುದೇ ಹೆಸರಾಂತ ತಯಾರಿಕೆಯ 9 ಎಂಎಂ ಪಿಸ್ತೂಲು ಸಾಕು. ರೇಂಜ್‌ಗಳಲ್ಲಿ ಬಾಡಿಗೆಗೆ ಪಡೆದು ನಾಲ್ಕಾರು ಬಗೆಯವನ್ನು ಪರೀಕ್ಷಿಸಿದ ನಂತರ ಕೊಳ್ಳಿರಿ. ಹೋಲ್‌ಸ್ಟರ್ ಮಾತ್ರ ಕೈಡೆಕ್ಸ್ ಎಂಬ ಪ್ಲಾಸ್ಟಿಕ್‌ನಂತಹ ಗಟ್ಟಿಯಾದ ವಸ್ತುವಿನದ್ದಾಗಿರಬೇಕು, ಟ್ರಿಗರ್ ಭಾಗವನ್ನು ಪೂರ್ತಿ ಮುಚ್ಚಬೇಕು, ಪಿಸ್ತೂಲು ಹೊರಬಂದ ಮೇಲೂ ಬಾಯಿ ಮುಚ್ಚಿಕೊಳ್ಳಬಾರದು. ಸೊಂಟವನ್ನು ಗಡಿಯಾರದ ಮುಖವೆಂದು ಭಾವಿಸಿ ಹೊಕ್ಕುಳನ್ನು 12 ಎಂದುಕೊಂಡರೆ, ಬಲಗೈಯವರಿಗೆ 3ರಿಂದ 4ರ ಜಾಗ ಆರಂಭಕ್ಕೆ ಒಳ್ಳೆಯದು. ಹೊಟ್ಟೆಯ ಮುಂಭಾಗದಲ್ಲಿ ಧರಿಸುವವರು ಬಹಳ ಜನರಿದ್ದಾರೆ, ಅಲ್ಲಿಂದ ಬೇಗ ತೆಗೆಯಬಹುದು ಎಂಬುದೂ ನಿಜ. ಆದರೆ ಅಲ್ಲಿ ತಪ್ಪಾದರೆ ಗುಂಡು ತೊಡೆಸಂದಿಯ ದೊಡ್ಡ ರಕ್ತನಾಳವನ್ನು ಹೊಕ್ಕಬಹುದಾದ್ದರಿಂದ ಮೊದಲ ವರ್ಷ ಅದು ಬೇಡ. ತೆಗೆಯುವುದು ಎಷ್ಟು ವೇಗವಾದರೂ ಇರಲಿ, ಮರಳಿ ಇಡುವುದು ಮಾತ್ರ ನಿಧಾನವಾಗಿರಲಿ. ಅಂಗಿಯ ಅಂಚು ಟ್ರಿಗರ್‌ಗೆ ಸಿಕ್ಕಿಕೊಂಡು ತನ್ನದೇ ಕಾಲಿಗೆ ಗುಂಡು ಹೊಡೆದುಕೊಂಡ ಒಬ್ಬರನ್ನು ನಾನೇ ಆಸ್ಪತ್ರೆಗೆ ಕರೆದೊಯ್ದಿದ್ದೇನೆ.

ಅಭ್ಯಾಸದ ಬಹುಪಾಲು ಗುಂಡಿಲ್ಲದೆಯೇ ಆಗಬೇಕು. ಇದನ್ನು ಡ್ರೈ ಫೈರ್ ಎನ್ನುತ್ತಾರೆ. ಗುಂಡುಗಳೆಲ್ಲವೂ ಬೇರೆ ಕೋಣೆಯಲ್ಲಿರಲಿ. ಗುಂಡು ಕೂರುವ ಚೇಂಬರ್ ಖಾಲಿಯಿರುವುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಎರಡೆರಡು ಸಲ ನೋಡಿಕೊಳ್ಳಿರಿ. ಗುಂಡನ್ನು ತಡೆಯಬಲ್ಲ ಇಟ್ಟಿಗೆಯ ಗೋಡೆಯ ಕಡೆಗೆ ಮುಖ ಮಾಡಿರಿ. ಅಂಗಿ ಎತ್ತುವುದು, ಹಿಡಿತ, ಹೊರತೆಗೆಯುವುದು, ಎರಡು ಕೈ ಸೇರುವುದು, ಗುರಿ, ಕುದುರೆಯನ್ನು ಅಲುಗಾಡದೆ ಎಳೆಯುವುದು, ಇಷ್ಟನ್ನೇ ವಾರಕ್ಕೆ ನಾಲ್ಕು ದಿನ ಹತ್ತು ಹತ್ತು ನಿಮಿಷ ಮಾಡಿದರೆ ಮೂರು ತಿಂಗಳಲ್ಲಿ ವ್ಯತ್ಯಾಸ ಕಾಣುತ್ತದೆ. ಮುಗಿಯಿತು ಎಂದು ಬಾಯಿಬಿಟ್ಟು ಹೇಳಿ ಮುಗಿಸಿರಿ. ಗುಂಡು ತುಂಬಿದ ಮೇಲೆ ‘ಇನ್ನೊಂದೇ ಸಲ’ ಎಂದು ಮರಳಿದವರ ಮನೆಯ ಗೋಡೆಗಳಲ್ಲಿ ತೂತುಗಳಿವೆ. ಬಹಳಷ್ಟು ರೇಂಜ್‌ಗಳಲ್ಲಿ ಹೋಲ್‌ಸ್ಟರ್‌ನಿಂದ ತೆಗೆದು ಹಾರಿಸಲು ಬಿಡುವುದಿಲ್ಲ. ಅದಕ್ಕೆ ಶಿಕ್ಷಕರ ತರಗತಿಯೋ, ಆತ್ಮರಕ್ಷಣೆಯ ಪಿಸ್ತೂಲು ಸ್ಪರ್ಧೆಗಳನ್ನು ನಡೆಸಲು 1996ರಲ್ಲಿ ಹುಟ್ಟಿದ ಐಡಿಪಿಎ ಸಂಸ್ಥೆಯ ಸ್ಥಳೀಯ ಕೂಟಗಳೋ ಬೇಕು. ಅಲ್ಲಿ ಮೊದಲ ದಿನ ಗಡಿಯಾರದ ಸದ್ದು ಕೇಳಿದೊಡನೆ ನನ್ನ ಕೈ ನಡುಗಿದ್ದು ಇಂದಿಗೂ ನೆನಪಿದೆ. ಆ ನಡುಕವನ್ನು ಅಪಾಯವಿಲ್ಲದ ಕಡೆ ಪರಿಚಯ ಮಾಡಿಕೊಳ್ಳುವುದೇ ಲಾಭ.

ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಶಿಕ್ಷಕ ಡೆನಿಸ್ ಟುಲ್ಲರ್ 1983ರಲ್ಲಿ ಒಂದು ಸರಳ ಲೆಕ್ಕ ತೋರಿಸಿದರು: ಕತ್ತಿ ಹಿಡಿದವನು ಏಳು ಗಜವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟುತ್ತಾನೆ. ಪಳಗಿದವನಿಗೂ ಪಿಸ್ತೂಲು ತೆಗೆದು ಹಾರಿಸಲು ಅಷ್ಟೇ ಹೊತ್ತು ಬೇಕು. ಇದನ್ನು ಕೇಳಿ ಕೆಲವರು ಏಳು ಗಜದೊಳಗೆ ಬಂದವನ ಮೇಲೆ ಗುಂಡು ಹಾರಿಸಬಹುದು ಎಂದು ತಿಳಿಯುತ್ತಾರೆ. ಅದು ಪೂರ್ತಿ ತಪ್ಪು. ದೂರವನ್ನು ಕಾಯ್ದುಕೊಳ್ಳಬೇಕು, ನಡುವೆ ಕಾರನ್ನೋ ಅಂಗಡಿಯ ಕೌಂಟರನ್ನೋ ತಂದುಕೊಳ್ಳಬೇಕು, ನಿಂತಲ್ಲೇ ನಿಲ್ಲದೆ ಪಕ್ಕಕ್ಕೆ ಸರಿಯಬೇಕು ಎಂಬುದೇ ಅದರ ಪಾಠ. ಕೈಯಲ್ಲಿ ಫೋನು ಹಿಡಿದು ತಲೆ ತಗ್ಗಿಸಿ ನಡೆಯುವವನಿಗೆ ಆ ಒಂದೂವರೆ ಸೆಕೆಂಡೂ ಸಿಗುವುದಿಲ್ಲ. ಜೇಬಿನಲ್ಲಿ ಪೆಪ್ಪರ್ ಸ್ಪ್ರೇಯನ್ನೂ ಇಟ್ಟುಕೊಳ್ಳಿರಿ. ಬರಿಯ ಬೈಗುಳಕ್ಕೂ ಪ್ರಾಣಾಪಾಯಕ್ಕೂ ನಡುವೆ ಎಷ್ಟೋ ಸಂದರ್ಭಗಳಿವೆ, ಅಲ್ಲೆಲ್ಲ ಪಿಸ್ತೂಲು ಮುಟ್ಟುವಂತಿಲ್ಲ.

ಆಸ್ಟಿನ್ ಕನ್ನಡತಿ

ವಲಸೆ ಕಾನೂನಿನ ಕಚೇರಿಯಲ್ಲಿ ಕೆಲಸ ಮಾಡುವವಳಾಗಿ ನಿಮ್ಮ ಪ್ರಶ್ನೆಯ ಕೊನೆಯ ಭಾಗ ಓದಿ ತಕ್ಷಣ ಬರೆಯಬೇಕೆನಿಸಿತು. ದಯವಿಟ್ಟು ನಿಮ್ಮ ತಂದೆಯವರ ಕೈಗೆ ಪಿಸ್ತೂಲು ಕೊಡಬೇಡಿರಿ. ತಾತ್ಕಾಲಿಕ ವೀಸಾದಲ್ಲಿರುವವರು, ಅದು ವಿಸಿಟರ್ ವೀಸಾ ಇರಲಿ, ಎಚ್-1ಬಿ ಅಥವಾ ವಿದ್ಯಾರ್ಥಿ ವೀಸಾ ಇರಲಿ, ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ರೇಂಜ್‌ನಲ್ಲಿ ಬಾಡಿಗೆಯ ಪಿಸ್ತೂಲನ್ನು ಸ್ವಲ್ಪ ಹೊತ್ತು ಹಿಡಿಯುವುದಕ್ಕೂ ಇದು ಅನ್ವಯಿಸಬಲ್ಲದು. ಗೊತ್ತಿದ್ದೂ ಅವರಿಗೆ ಕೊಟ್ಟರೆ ಅಪರಾಧ ನಿಮ್ಮದೂ ಆಗುತ್ತದೆ. ಕಾನೂನಿನಲ್ಲಿ ಕೆಲವು ವಿನಾಯಿತಿಗಳಿವೆ. ನಿಮ್ಮ ತಂದೆಯವರಿಗೆ ಒದಗಬಹುದಾದದ್ದು ಅಮೆರಿಕದ ಯಾವುದಾದರೂ ರಾಜ್ಯ ಕಾನೂನುಬದ್ಧವಾಗಿ ನೀಡಿದ ಬೇಟೆಯ ಪರವಾನಗಿ. ಊರಿನಲ್ಲಿ ಜೀವಮಾನವೆಲ್ಲ ಕೋವಿಯೊಂದಿಗೆ ಬಾಳಿದ ಹಿರಿಯರಿಗೆ ಇದನ್ನು ವಿವರಿಸುವುದು ಕಷ್ಟವೆಂದು ಬಲ್ಲೆ. ಕೊಡವರಿಗೆ ಭಾರತದ ಆಯುಧ ಕಾಯ್ದೆಯ ಪರವಾನಗಿಯಿಂದ ಇರುವ ವಿನಾಯಿತಿ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಅವರು ಮನೆಯಲ್ಲಿರುವ ತಿಂಗಳುಗಳಲ್ಲಿ ತಿಜೋರಿಯ ಸಂಖ್ಯೆ ಅವರಿಗೆ ತಿಳಿಯದಂತಿರಲಿ.

ನೀವು ಗ್ರೀನ್ ಕಾರ್ಡ್ ಹೊಂದಿದವರಾದ್ದರಿಂದ ಕೊಳ್ಳಬಹುದು, ಧರಿಸಬಹುದು. ಆದರೆ ನಿಮ್ಮ ನೆರೆಯ ಅಮೆರಿಕನ್ ಪ್ರಜೆಗಿಲ್ಲದ ಅಪಾಯವೊಂದು ನಿಮಗಿದೆ: ಬಂದೂಕನ್ನು ಕಾನೂನಿಗೆ ವಿರುದ್ಧವಾಗಿ ಕೊಂಡ, ಹೊಂದಿದ ಅಥವಾ ಒಯ್ದ ಅಪರಾಧ ಸಾಬೀತಾದರೆ ಗಡೀಪಾರಿಗೆ ಅದೇ ಕಾರಣವಾಗುತ್ತದೆ. ಆದ್ದರಿಂದ ಎಲ್ಲಿ ಒಯ್ಯಬಾರದು ಎಂಬುದನ್ನು ಬಾಯಿಪಾಠ ಮಾಡಿಕೊಳ್ಳಿರಿ. ಬಾಗಿಲಿನಲ್ಲಿ 30.06 ಎಂಬ ಫಲಕವಿದ್ದರೆ ಪರವಾನಗಿಯಿದ್ದವರೂ ಮರೆಮಾಡಿ ಒಯ್ಯುವಂತಿಲ್ಲ, 30.07 ಇದ್ದರೆ ಕಾಣುವಂತೆ ಒಯ್ಯುವಂತಿಲ್ಲ. 51 ಶೇಕಡಾ ಎಂದು ಕೆಂಪಕ್ಷರದ ಫಲಕವಿರುವುದು ಬಾರ್, ಅಲ್ಲಿಗೂ ಒಯ್ಯುವಂತಿಲ್ಲ. ದೇವಸ್ಥಾನಗಳೂ ಇಂತಹ ಫಲಕ ಹಾಕಬಹುದು, ಹಾಕದಿದ್ದರೂ ಆಡಳಿತ ಮಂಡಳಿಯನ್ನು ಕೇಳುವುದು ಮರ್ಯಾದೆ. ಪೌರತ್ವದ ಸಂದರ್ಶನಕ್ಕೆ ಹೋಗುವ ವಲಸೆ ಇಲಾಖೆಯ ಕಚೇರಿ ಫೆಡರಲ್ ಕಟ್ಟಡ, ಅಲ್ಲಿ ನಿಷೇಧ.

ಪರವಾನಗಿ ಏಕೆ ಬೇಕು ಎಂಬುದಕ್ಕೆ ಇನ್ನೊಂದು ಬಲವಾದ ಕಾರಣವಿದೆ. ಶಾಲೆಯ ಆವರಣದಿಂದ 1,000 ಅಡಿಯೊಳಗೆ ಬಂದೂಕು ಒಯ್ಯುವುದನ್ನು ತಡೆಯುವ 1990ರ ಫೆಡರಲ್ ಕಾಯ್ದೆಯಲ್ಲಿ, ರಾಜ್ಯದ ಪರವಾನಗಿ ಪಡೆದವರಿಗೆ ಆ ರಾಜ್ಯದೊಳಗೆ ವಿನಾಯಿತಿಯಿದೆ. ನಮ್ಮ ಊರುಗಳಲ್ಲಿ ಯಾವುದಾದರೊಂದು ಶಾಲೆಯ ಪಕ್ಕದಲ್ಲಿ ಹಾದುಹೋಗದೆ ಕಾರು ಓಡಿಸುವುದೇ ಕಷ್ಟ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿಗಳು ಟೆಕ್ಸಸ್ ಪರವಾನಗಿಯನ್ನು ಮಾನ್ಯ ಮಾಡುವುದಿಲ್ಲ, ಸಮ್ಮೇಳನಗಳಿಗೆ ಹೋಗುವಾಗ ಮನೆಯಲ್ಲೇ ಬಿಟ್ಟು ಹೋಗಿರಿ.

ಪ್ರಾಣಾಂತಕ ಬಲವನ್ನು ಯಾವಾಗ ಬಳಸಬಹುದು ಎಂಬುದು ಟೆಕ್ಸಸ್ ದಂಡಸಂಹಿತೆಯ ಒಂಬತ್ತನೆಯ ಅಧ್ಯಾಯದಲ್ಲಿದೆ. ರಾತ್ರಿಯ ಕಳ್ಳತನದಂತಹ ಕೆಲವು ಸಂದರ್ಭಗಳಲ್ಲಿ ಆಸ್ತಿಗಾಗಿಯೂ ಅದನ್ನು ಬಳಸಲು ಈ ರಾಜ್ಯ ಅವಕಾಶ ಕೊಡುತ್ತದೆ ಎಂದು ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಆ ಸೆಕ್ಷನ್ನಿನ ಷರತ್ತುಗಳು ಬಹಳ. ಓಡಿಹೋಗುತ್ತಿರುವವನ ಬೆನ್ನಿಗೆ ಗುಂಡು ಹಾರಿಸಿ ಅವುಗಳನ್ನು ನ್ಯಾಯಾಲಯದಲ್ಲಿ ಪರೀಕ್ಷಿಸುವ ಪ್ರಸಂಗ ನಿಮಗೆ ಬಾರದಿರಲಿ. ಅದಕ್ಕೆ ಮುನ್ನ ನಿಮ್ಮ ಸ್ವಂತ ನಿಯಮ ಪ್ರಾಣರಕ್ಷಣೆ ಮಾತ್ರ ಎಂದಿರಲಿ.

ಶುಶ್ರೂಷಕಿ, ಪ್ಲೇನೋ

ತುರ್ತು ಚಿಕಿತ್ಸಾ ವಿಭಾಗದಲ್ಲಿ ದುಡಿಯುತ್ತೇನೆ. ಇದುವರೆಗೆ ಯಾರೂ ಮನೆಯೊಳಗಿನ ಮಾತನ್ನು ಆಡಲಿಲ್ಲ. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತ 48,830 ಜನರಲ್ಲಿ 26,328 ಮಂದಿ ತಮ್ಮ ಪ್ರಾಣವನ್ನು ತಾವೇ ತೆಗೆದುಕೊಂಡವರು. ಪಿಸ್ತೂಲು ಮನೆಗೆ ಬರುವ ಮುನ್ನ ಆ ಮನೆಯಲ್ಲಿ ಯಾರ ಮನಸ್ಸು ಹೇಗಿದೆ ಎಂದು ಹೆಂಡತಿ ಮಕ್ಕಳೊಂದಿಗೆ ಕುಳಿತು ಮಾತಾಡಿರಿ. ನೀವೂ ಸೇರಿದಂತೆ ಯಾರಾದರೂ ಕುಗ್ಗಿದ್ದರೆ, ಆ ಕಾಲ ಕಳೆಯುವವರೆಗೆ ಅದು ಮನೆಯಲ್ಲಿರುವುದು ಬೇಡ.

ಗುಂಡು ತುಂಬಿದ ಪಿಸ್ತೂಲು 17 ವರ್ಷದೊಳಗಿನವರ ಕೈಗೆ ಸಿಗುವಂತೆ ಅಜಾಗ್ರತೆಯಿಂದ ಇಡುವುದು ಟೆಕ್ಸಸ್‌ನಲ್ಲಿ ಅಪರಾಧ. ನಿಮ್ಮ ಸೊಂಟದಲ್ಲಿಲ್ಲದಾಗ ಅದು ಬೀಗದ ಪೆಟ್ಟಿಗೆಯಲ್ಲಿರಬೇಕು, ದಿಂಬಿನ ಅಡಿಯಲ್ಲೋ ಕಾರಿನ ಡ್ಯಾಷ್‌ಬೋರ್ಡ್ ಖಾನೆಯಲ್ಲೋ ಅಲ್ಲ. ಜೊತೆಗೆ, ಗಾಯ ಮಾಡಬಲ್ಲ ವಸ್ತುವನ್ನು ದಿನವೂ ಒಯ್ಯುವವರು ರಕ್ತ ನಿಲ್ಲಿಸಬಲ್ಲ ವಸ್ತುವನ್ನೂ ಒಯ್ಯಬೇಕೆಂದು ನಾನು ಒತ್ತಾಯಿಸುತ್ತೇನೆ. 2015ರಲ್ಲಿ ಆರಂಭವಾದ ‘ಸ್ಟಾಪ್ ದ ಬ್ಲೀಡ್’ ಅಭಿಯಾನದ ತರಗತಿಗಳು ಅನೇಕ ಊರುಗಳಲ್ಲಿ ನಡೆಯುತ್ತವೆ. ರಕ್ತ ತಡೆಯಲು ಕೈಕಾಲಿಗೆ ಕಟ್ಟುವ ಪಟ್ಟಿಯಾದ ಟೂರ್ನಿಕೆ ಬಿಗಿಯುವುದನ್ನು, ಗಾಯದೊಳಗೆ ಬಟ್ಟೆ ತುಂಬಿ ಒತ್ತುವುದನ್ನು ಕೈಹಿಡಿದು ಕಲಿಸುತ್ತಾರೆ. ಅಡುಗೆಮನೆಯ ಗಾಯಕ್ಕೂ ಹೆದ್ದಾರಿಯ ಅಪಘಾತಕ್ಕೂ ಅದು ಉಪಯೋಗಕ್ಕೆ ಬರುತ್ತದೆ.

ಮಳೆನಾಡಿನವ, ಇರ್ವಿಂಗ್

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಗೆಳೆಯನೊಂದಿಗೆ ಮಾತಾಡಿ, ಈ ವಾರದಿಂದಲೇ ನಗದನ್ನು ಹಗಲು ಹೊತ್ತಿನಲ್ಲಿ ಇಬ್ಬರೂ ಕೂಡಿ ಒಯ್ಯಲು ನಿರ್ಧರಿಸಿದ್ದೇವೆ. ತಿಜೋರಿ ಕೂರಿಸುವವರು ಶನಿವಾರ ಬರುತ್ತಾರೆ. ಅಪ್ಪನಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ದೇಶದ ಕಟ್ಟಳೆ ಹಾಗಿದ್ದರೆ ಹಾಗೆಯೇ ಆಗಲಿ, ನಾನು ದೂರದಲ್ಲಿ ನಿಂತು ನಿನ್ನ ಗುರಿ ನೋಡುತ್ತೇನೆ’ ಎಂದರು. ಪರವಾನಗಿಯ ತರಗತಿಗೂ, ಹೆಂಡತಿಯೊಂದಿಗೆ ರಕ್ತಸ್ರಾವ ತಡೆಯುವ ತರಗತಿಗೂ ಹೆಸರು ಬರೆಸಿದ್ದೇನೆ. ಪಿಸ್ತೂಲನ್ನು ಅವೆರಡೂ ಮುಗಿದ ಮೇಲೆ ಕೊಳ್ಳುವೆ.

ಒಂದು ಸಂದೇಹ ಉಳಿದಿದೆ. ಹಬ್ಬದ ದಿನಗಳಲ್ಲಿ ಪಂಚೆ, ಜುಬ್ಬಾ ಉಡುತ್ತೇನೆ. ಬೆಲ್ಟ್ ಇಲ್ಲದ ಉಡುಪಿನಲ್ಲಿ ಹೇಗೆ?

ಹಳೆಯ ವಲಸಿಗ, ಹ್ಯೂಸ್ಟನ್

ಹೊಟ್ಟೆಗೆ ಸುತ್ತುವ ಅಗಲ ಪಟ್ಟಿಯ ಹೋಲ್‌ಸ್ಟರ್‌ಗಳು ಸಿಗುತ್ತವೆ, ಆದರೆ ಮೆತ್ತನೆಯ ಬಟ್ಟೆಯವು ಟ್ರಿಗರನ್ನು ಕಾಯುವುದಿಲ್ಲ. ಒಳಗೆ ಗಟ್ಟಿಯಾದ ಕವಚವಿರುವುದನ್ನೇ ನೋಡಬೇಕು, ಜುಬ್ಬಾದ ಉದ್ದಕ್ಕೆ ತಕ್ಕಂತೆ ತೆಗೆಯುವ ಅಭ್ಯಾಸವನ್ನೂ ಬೇರೆಯಾಗಿ ಮಾಡಬೇಕು. ನಾನಂತೂ ಪಂಚೆ ಉಟ್ಟ ದಿನ, ಮಕ್ಕಳು ಮಡಿಲೇರಿ ಆಡುವ ಮನೆಗಳಿಗೆ ಹೋಗುವ ದಿನ, ಊಟದ ಜೊತೆ ಒಂದು ಲೋಟ ವೈನ್ ಕುಡಿಯುವ ದಿನ ಪಿಸ್ತೂಲನ್ನು ಪೆಟ್ಟಿಗೆಯಿಂದ ತೆಗೆಯುವುದೇ ಇಲ್ಲ. ತರಗತಿ ಮುಗಿದ ಮೇಲೆ ಒಂದು ಭಾನುವಾರ ಹ್ಯೂಸ್ಟನ್ ಕಡೆಗೆ ಬನ್ನಿರಿ, ಸ್ಪರ್ಧೆಗೆ ಕರೆದೊಯ್ಯುತ್ತೇನೆ. ತಂದೆಯವರಿಗೆ ಪ್ರೇಕ್ಷಕರ ಸಾಲಿನಲ್ಲಿ ನೆರಳಿರುವ ಜಾಗವಿದೆ, ಕಿವಿಗೆ ಹಾಕಿಕೊಳ್ಳುವ ರಕ್ಷಕವನ್ನು ನಾನೇ ತರುತ್ತೇನೆ.